ದೀರ್ಘಕಾಲದ ವ್ಯಾಧಿಗಳೂ ವೈರಸ್ ಸೋಂಕೂ: ಒಂದು ವಿವೇಚನೆ

ಒಂದೇ ಮನೆಯಲ್ಲಿ ವಾಸಿಸುವ ನಾಲ್ವರಿಗೆ ಒಂದೇ ವಾರದಲ್ಲಿ ಜ್ವರ, ಕೆಮ್ಮು, ಮೈಕೈನೋವು ಕಾಣಿಸಿಕೊಳ್ಳುವುದು ಅಪರೂಪದ ಸಂಗತಿಯೇನೂ ಅಲ್ಲ. ಶಾಲೆಗೆ ಹೋಗುವ ಮೊಮ್ಮಗನು ಅದನ್ನು ಮೊದಲು ಮನೆಗೆ ತರುತ್ತಾನೆ. ಎರಡು ದಿನ ಮಲಗಿ ಮೂರನೆಯ ದಿನ ಎದ್ದು ಆಟಕ್ಕೆ ಓಡುತ್ತಾನೆ. ತಂದೆತಾಯಿಗಳು ನಾಲ್ಕೈದು ದಿನ ನರಳಿ ಚೇತರಿಸಿಕೊಳ್ಳುತ್ತಾರೆ. ಆದರೆ ಹತ್ತು ವರ್ಷಗಳಿಂದ ಸಕ್ಕರೆ ರೋಗವಿರುವ ಅಜ್ಜನು ಆಸ್ಪತ್ರೆಯನ್ನು ಸೇರಬೇಕಾಗುತ್ತದೆ. ಆಗ ಮನೆಯವರೂ ನೆರೆಹೊರೆಯವರೂ ಆಡುವ ಮಾತು ಒಂದೇ: “ಸಕ್ಕರೆ ಇದ್ದವರಿಗೆ ಇಂಥವು ಬೇಗ ಅಂಟುತ್ತವೆ.”

ಈ ಮಾತಿನಲ್ಲಿ ಸತ್ಯಾಂಶವಿದೆ; ಆದರೆ ಪೂರ್ಣ ಸತ್ಯವಿಲ್ಲ. ಜ್ವರವು ಮೊಮ್ಮಗನಿಗೂ ಅಂಟಿತ್ತು, ಮಗನಿಗೂ ಸೊಸೆಗೂ ಅಂಟಿತ್ತು. ಅಂಟುವುದರಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಭೇದವಿರಲಿಲ್ಲ. ಅಂಟಿದ ಮೇಲೆ ನಡೆದುದರಲ್ಲಿ ಭೇದವಿತ್ತು. ದೀರ್ಘಕಾಲದ ವ್ಯಾಧಿಗಳಿಗೂ ವೈರಸ್ ಸೋಂಕುಗಳಿಗೂ ಇರುವ ಸಂಬಂಧವನ್ನು ಅರಿಯಬೇಕಾದರೆ ಮೊದಲು ಈ ಎರಡನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಈ ಭೇದವನ್ನು ಅರಿಯದಿರುವುದರಿಂದ ಎರಡು ಬಗೆಯ ಅನರ್ಥಗಳು ಸಂಭವಿಸುತ್ತವೆ. ಮೊದಲನೆಯದು ಭಯ. ಬಹುಕಾಲದ ಬೇನೆಯುಳ್ಳವರು ತಮ್ಮ ದೇಹವು ಎಲ್ಲ ಸೋಂಕುಗಳಿಗೂ ತೆರೆದ ಬಾಗಿಲೆಂದು ಬಗೆದು ಧೈರ್ಯಗೆಡುತ್ತಾರೆ. ೨೦೨೦ರ ಕೊರೊನಾ ಕಾಲದಲ್ಲಿ ಇಂಥ ಎಷ್ಟೋ ಮಂದಿ ಸೋಂಕಿಗೆ ಅಂಜಿ ಆಸ್ಪತ್ರೆಯ ಕಡೆಗೇ ಸುಳಿಯದೆ ತಮ್ಮ ನಿತ್ಯದ ಚಿಕಿತ್ಸೆಯನ್ನೂ ತಪ್ಪಿಸಿಕೊಂಡರು. ಎರಡನೆಯದು ಅಲಕ್ಷ್ಯ. ಆರೋಗ್ಯವಂತರು ತಮಗೇನೂ ಆಗದೆಂಬ ನೆಚ್ಚಿಕೆಯಿಂದ ಜ್ವರ-ಕೆಮ್ಮುಗಳನ್ನು ಹೊತ್ತುಕೊಂಡೇ ಎಲ್ಲೆಡೆ ಓಡಾಡಿ, ಅವನ್ನು ತಾಳಲಾರದವರಿಗೆ ದಾಟಿಸುತ್ತಾರೆ.

ಈ ವಿಷಯವು ಕೆಲವರಿಗೆ ಮಾತ್ರ ಸಂಬಂಧಿಸಿದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು ೧೦.೧ ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ ೧೩.೬ ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರೊಡನೆ ಹೃದ್ರೋಗ, ಉಬ್ಬಸ, ಮೂತ್ರಪಿಂಡದ ವ್ಯಾಧಿಗಳಿಂದ ಬಳಲುವವರನ್ನೂ ಸೇರಿಸಿದರೆ, ಇಂಥವರೊಬ್ಬರಾದರೂ ಇಲ್ಲದ ಕುಟುಂಬಗಳು ವಿರಳವೆಂದೇ ಹೇಳಬೇಕು.

ದೇಹದ ಕಾವಲು

ವೈರಸ್ ಅಥವಾ ವಿಷಾಣು ಎಂಬುದು ಬ್ಯಾಕ್ಟೀರಿಯಗಳಿಗಿಂತ ಬಹು ಚಿಕ್ಕದಾದ, ಸ್ವತಂತ್ರ ಬಾಳುವೆಯಿಲ್ಲದ ಕಣ. ಜೀವಕೋಶವೊಂದರ ಒಳಹೊಕ್ಕಲ್ಲದೆ ಅದು ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲಾರದು. ಆದುದರಿಂದ ಅದರ ಮೊದಲ ಕಾರ್ಯವೆಂದರೆ ದೇಹದೊಳಗೆ ಪ್ರವೇಶ ಪಡೆಯುವುದು. ಇದನ್ನು ತಡೆಯಲೆಂದೇ ಪ್ರಕೃತಿಯು ದೇಹಕ್ಕೆ ಅನೇಕ ಕಾವಲುಗಳನ್ನು ಒದಗಿಸಿದೆ.

ಹೊರಗಿನ ಕಾವಲು ಚರ್ಮ ಮತ್ತು ಮೂಗು, ಗಂಟಲು, ಶ್ವಾಸನಾಳಗಳ ಒಳಮೈಯನ್ನು ಆವರಿಸಿರುವ ಲೋಳೆಪೊರೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮ ರೋಮಗಳಿವೆ. ಅವು ಗಾಳಿಗೆ ಬಾಗುವ ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ ಬಾಗಿ ಏಳುತ್ತ, ಲೋಳೆಯಲ್ಲಿ ಸಿಕ್ಕಿಕೊಂಡ ಧೂಳು ಮತ್ತು ರೋಗಾಣುಗಳನ್ನು ಮೇಲಕ್ಕೆ ತಳ್ಳುತ್ತಿರುತ್ತವೆ.

ಇದನ್ನು ದಾಟಿ ಬಂದ ವೈರಸ್ಸನ್ನು ಎದುರಿಸುವುದು ಒಳಗಿನ ಕಾವಲು. ಸೋಂಕು ತಗಲಿದ ಜೀವಕೋಶವು ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಹೊರಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ೧೯೫೭ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಎಚ್ಚರಗೊಂಡ ಕೋಶಗಳಲ್ಲಿ ವೈರಸ್ಸಿನ ಬೆಳವಣಿಗೆ ಕುಂಠಿತವಾಗುತ್ತದೆ. ಅಷ್ಟರಲ್ಲಿ ಶ್ವೇತ ರಕ್ತಕಣಗಳು ಧಾವಿಸಿ ಬರುತ್ತವೆ. ಕೆಲವು ದಿನಗಳಲ್ಲಿ ಆ ನಿರ್ದಿಷ್ಟ ವೈರಸ್ಸನ್ನೇ ಗುರುತಿಸಿ ನಾಶಮಾಡುವ ಪ್ರತಿಕಾಯಗಳೂ ಟಿ-ಕೋಶಗಳೂ ಸಿದ್ಧವಾಗುತ್ತವೆ. ಇವು ಶತ್ರುವಿನ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳುವುದರಿಂದಲೇ ಲಸಿಕೆಗಳು ಫಲಕಾರಿಯಾಗುತ್ತವೆ.

ಇವೆರಡರ ಜೊತೆಗೆ ಮೂರನೆಯದೊಂದನ್ನು ಗಮನಿಸಬೇಕು. ಅದು ಅಂಗಾಂಗಗಳ ಮೀಸಲು ಶಕ್ತಿ. ಆರೋಗ್ಯವಂತನ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ದಿನನಿತ್ಯದ ಅವಶ್ಯಕತೆಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡಬಲ್ಲವು. ಹಗೇವಿನಲ್ಲಿ ಜೋಳವನ್ನು ಕೂಡಿಟ್ಟ ರೈತನು ಒಂದು ಬರಗಾಲವನ್ನು ಹೇಗಾದರೂ ದಾಟಿಯಾನು. ಹಗೇವು ಬರಿದಾದವನಿಗೆ ಒಂದು ತಿಂಗಳು ಮಳೆ ತಡವಾದರೂ ಕಷ್ಟವೇ. ದೀರ್ಘಕಾಲದ ವ್ಯಾಧಿಯು ಈ ದಾಸ್ತಾನನ್ನು ವರ್ಷವರ್ಷವೂ ಸದ್ದಿಲ್ಲದೆ ಕರಗಿಸುತ್ತಿರುತ್ತದೆ.

ಹೀಗಾಗಿ ಯಾವುದೇ ವ್ಯಾಧಿಯ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಅದು ವೈರಸ್ಸಿನ ಪ್ರವೇಶವನ್ನು ಸುಲಭಗೊಳಿಸುವುದೇ? ಪ್ರವೇಶಿಸಿದ ವೈರಸ್ಸನ್ನು ಹತ್ತಿಕ್ಕುವ ಬಲವನ್ನು ಕುಗ್ಗಿಸುವುದೇ? ಕಾಯಿಲೆಯ ಹೊರೆಯನ್ನು ಹೊರುವ ಮೀಸಲು ಶಕ್ತಿಯನ್ನು ಕಳೆದಿರುವುದೇ?

ಅಂಟುವುದು ಬೇರೆ, ಉಲ್ಬಣಿಸುವುದು ಬೇರೆ

ಈ ಭೇದವನ್ನು ಸ್ಪಷ್ಟಪಡಿಸುವ ಒಂದು ಸುಂದರ ಅಧ್ಯಯನವು ಇಂಗ್ಲೆಂಡಿನಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾಯಿತು. ಸಂಶೋಧಕರು ಒಂದೇ ಮನೆಯಲ್ಲಿ ಬಾಳುವ ೭೬ ಜೋಡಿಗಳನ್ನು ಆರಿಸಿಕೊಂಡರು. ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬರಿಗೆ ಉಬ್ಬಸವಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಇಬ್ಬರೂ ಒಂದೇ ಸೂರಿನಡಿ ಒಂದೇ ಗಾಳಿಯನ್ನು ಉಸಿರಾಡುವವರಾದುದರಿಂದ ವೈರಸ್ಸಿನ ಸಂಪರ್ಕವು ಇಬ್ಬರಿಗೂ ಹೆಚ್ಚುಕಡಿಮೆ ಸಮಾನವೆನ್ನಬಹುದು. ಎರಡು ವಾರಗಳಿಗೊಮ್ಮೆ ಇಬ್ಬರ ಮೂಗಿನ ದ್ರವವನ್ನೂ ತೆಗೆದು, ನೆಗಡಿಗೆ ಮುಖ್ಯ ಕಾರಣವಾದ ರೈನೊವೈರಸ್ ಇದೆಯೇ ಎಂದು ಪರೀಕ್ಷಿಸಲಾಯಿತು.

ಉಬ್ಬಸವಿದ್ದವರ ಮಾದರಿಗಳಲ್ಲಿ ಶೇಕಡಾ ೧೦.೧ರಲ್ಲಿಯೂ, ಆರೋಗ್ಯವಂತರ ಮಾದರಿಗಳಲ್ಲಿ ಶೇಕಡಾ ೮.೫ರಲ್ಲಿಯೂ ವೈರಸ್ ಕಂಡುಬಂದಿತು. ಈ ಅಂತರವು ಗಣನೆಗೆ ಬರುವಷ್ಟು ದೊಡ್ಡದಲ್ಲ. ಅಂದರೆ ಉಬ್ಬಸವಿದ್ದವರಿಗೆ ನೆಗಡಿಯ ವೈರಸ್ ಹೆಚ್ಚಾಗಿ ಅಂಟಿರಲಿಲ್ಲ. ಆದರೆ ಅಂಟಿದ ಬಳಿಕ ಕಥೆ ಬೇರೆಯಾಯಿತು. ಆರೋಗ್ಯವಂತರಲ್ಲಿ ಕಾಯಿಲೆಯು ಬಹುಮಟ್ಟಿಗೆ ಮೂಗು-ಗಂಟಲುಗಳಲ್ಲಿಯೇ ನಿಂತುಹೋದರೆ, ಉಬ್ಬಸವಿದ್ದವರಲ್ಲಿ ಅದು ಎದೆಗೆ ಇಳಿಯುವುದು ಹೆಚ್ಚಾಗಿತ್ತು. ಕೆಮ್ಮು, ಏದುಸಿರುಗಳು ತೀವ್ರವಾಗಿ ಹೆಚ್ಚು ದಿನ ಬಾಧಿಸಿದವು. ಮೂರು ವರ್ಷಗಳ ಬಳಿಕ, ೨೦೦೫ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯು ಇದಕ್ಕೆ ಒಂದು ಕಾರಣವನ್ನು ಸೂಚಿಸಿತು: ಉಬ್ಬಸವುಳ್ಳವರ ಶ್ವಾಸನಾಳದ ಕೋಶಗಳು ಸೋಂಕು ತಗಲಿದಾಗ ಬೇಕಾದಷ್ಟು ಇಂಟರ್‌ಫೆರಾನನ್ನು ಉತ್ಪಾದಿಸದೆ ಹೋಗುತ್ತವೆ. ಬಾಗಿಲು ಇಬ್ಬರದೂ ಒಂದೇ. ಒಳಗೆ ಕೂಗಿ ಎಬ್ಬಿಸುವ ಕಾವಲುಗಾರನ ದನಿ ಮಾತ್ರ ಒಬ್ಬರಲ್ಲಿ ಕ್ಷೀಣ.

ಡೆಂಗೆ ಜ್ವರದ ವಿಷಯದಲ್ಲಿಯೂ ಇದನ್ನೇ ಕಾಣಬಹುದು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ನೀರಿನ ತೊಟ್ಟಿಯನ್ನು ಮುಚ್ಚದ ಮನೆಯಲ್ಲಿ ಅದು ಸಕ್ಕರೆ ರೋಗವಿದ್ದವರನ್ನೂ ಇಲ್ಲದವರನ್ನೂ ಸಮಾನವಾಗಿ ಕಚ್ಚುತ್ತದೆ. ಆದರೆ ಜ್ವರವು ವಿಷಮಸ್ಥಿತಿಗೆ ತಿರುಗುವ ಸಂಭವ ಮಧುಮೇಹಿಗಳಲ್ಲಿ ಹೆಚ್ಚೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ.

ವ್ಯಾಧಿಗೊಂದು ಬಗೆ

ಮಧುಮೇಹದಲ್ಲಿ ರಕ್ತದ ಸಕ್ಕರೆಯು ಬಹುಕಾಲ ಹೆಚ್ಚಾಗಿಯೇ ಉಳಿದರೆ ಶ್ವೇತ ರಕ್ತಕಣಗಳು ಸೋಂಕಿನ ಸ್ಥಳಕ್ಕೆ ಧಾವಿಸುವ ವೇಗವೂ, ರೋಗಾಣುಗಳನ್ನು ನುಂಗುವ ಸಾಮರ್ಥ್ಯವೂ ಕುಂದುತ್ತವೆ. ಇದರೊಡನೆ ಒಂದು ವಿಷಚಕ್ರವೂ ಸೇರಿಕೊಳ್ಳುತ್ತದೆ. ಜ್ವರ ಬಂದಾಗ ದೇಹವು ಆಪತ್ಕಾಲದ ಹಾರ್ಮೋನುಗಳನ್ನು ಸ್ರವಿಸುತ್ತದೆ; ಇವು ರಕ್ತದ ಸಕ್ಕರೆಯನ್ನು ಏರಿಸುತ್ತವೆ; ಏರಿದ ಸಕ್ಕರೆಯು ಪ್ರತಿರೋಧವನ್ನು ಇನ್ನಷ್ಟು ಕುಗ್ಗಿಸುತ್ತದೆ. ೨೦೨೦ರ ಮಾರ್ಚಿಯಿಂದ ಮೇ ವರೆಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೊರೊನಾದಿಂದ ಸತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರು ಮಧುಮೇಹಿಗಳಾಗಿದ್ದರು. ಆ ದೇಶದ ದಾಖಲೆಗಳಿಂದಲೇ ಇನ್ನೊಂದು ಸಂಗತಿಯೂ ಹೊರಬಿದ್ದಿತು: ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದವರಿಗಿಂತ ಹತೋಟಿ ತಪ್ಪಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಾಗಿತ್ತು. ಮಧುಮೇಹಿಯೆಂಬ ಹೆಸರಿಗಿಂತ ಆ ಮಧುಮೇಹವು ಯಾವ ಸ್ಥಿತಿಯಲ್ಲಿದೆಯೆಂಬುದು ಮುಖ್ಯವೆಂದು ಇದರಿಂದ ವಿದಿತವಾಗುತ್ತದೆ.

ಹೃದ್ರೋಗದಲ್ಲಿ ಪ್ರಶ್ನೆಯು ಪ್ರಧಾನವಾಗಿ ಮೀಸಲು ಶಕ್ತಿಯದು. ಜ್ವರವು ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಸೋಂಕಿನಿಂದ ಉಂಟಾಗುವ ಉರಿಯೂತವು ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ರಕ್ತನಾಳಗಳಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬಿನ ಪದರವನ್ನು ಒಡೆಯಲೂಬಹುದು. ಕೆನಡಾ ದೇಶದ ಅಂಟೇರಿಯೊ ಪ್ರಾಂತದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಇನ್‌ಫ್ಲುಯೆಂಜಾ ಇರುವುದು ಪರೀಕ್ಷೆಯಿಂದ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರುವ ಸಂಭವವು ಇತರ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಇಂಥ ಸಾವುಗಳು ಹೃದಯಾಘಾತವೆಂದೇ ದಾಖಲಾಗುವುದರಿಂದ, ಅವುಗಳ ಹಿಂದಿದ್ದ ಫ್ಲೂ ಜ್ವರವು ಜನರ ಗಮನಕ್ಕೆ ಬರುವುದೇ ಇಲ್ಲ.

ಶ್ವಾಸಕೋಶದ ದೀರ್ಘ ವ್ಯಾಧಿಗಳಲ್ಲಿ ಹೊರಗಿನ ಕಾವಲೇ ಶಿಥಿಲವಾಗಿರುತ್ತದೆ. ಬೀಡಿ-ಸಿಗರೇಟುಗಳ ಹೊಗೆಯಿಂದಲೋ, ಸೌದೆ ಒಲೆಯ ಮುಂದೆ ಕಳೆದ ದಶಕಗಳಿಂದಲೋ ಶ್ವಾಸನಾಳದ ಸೂಕ್ಷ್ಮ ರೋಮಗಳು ನಷ್ಟವಾಗಿ, ಕಫವು ಒಳಗೇ ನಿಲ್ಲುತ್ತದೆ. ವೈರಸ್ಸಿನ ಹಿಂದೆಯೇ ಬ್ಯಾಕ್ಟೀರಿಯಗಳೂ ನೆಲೆಯೂರಿ ನ್ಯುಮೋನಿಯಾ ಉಂಟಾಗಲು ಇದು ಆಸ್ಪದ ಕೊಡುತ್ತದೆ. ತಾವು ಎಂದೂ ಬೀಡಿ ಸೇದದಿದ್ದರೂ ಕೆಮ್ಮು ಏಕೆ ಬಿಡುವುದಿಲ್ಲವೆಂದು ಚಿಂತಿಸುವ ಹಳ್ಳಿಯ ಅನೇಕ ತಾಯಂದಿರ ವ್ಯಾಧಿಗೆ ಮೂಲ ಇರುವುದು ಅಡುಗೆಮನೆಯ ಹೊಗೆಯಲ್ಲಿ.

ಅತಿಬೊಜ್ಜು ಕೂಡ ಒಂದು ದೀರ್ಘ ವ್ಯಾಧಿಯೆಂಬ ಅರಿವು ಈಚಿನದು. ೨೦೦೯ರ ಹಂದಿಜ್ವರದ ಕಾಲದಲ್ಲಿ ತೀವ್ರ ನಿಗಾ ಘಟಕಗಳನ್ನು ಸೇರಿದವರಲ್ಲಿ ಸ್ಥೂಲಕಾಯರು ಹೆಚ್ಚಾಗಿರುವುದು ವೈದ್ಯರ ಗಮನಕ್ಕೆ ಬಂದಿತು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಲಕ್ಷಣಗಳುಳ್ಳ ಸ್ಥೂಲಕಾಯದ ವಯಸ್ಕರು ಇತರರಿಗಿಂತ ಶೇಕಡಾ ೪೨ರಷ್ಟು ಹೆಚ್ಚು ಕಾಲ ಎ ವರ್ಗದ ಇನ್‌ಫ್ಲುಯೆಂಜಾ ವೈರಸ್ಸನ್ನು ಹೊರಸೂಸುತ್ತಿದ್ದುದು ಕಂಡುಬಂದಿತು. ಹೀಗೆ ಒಬ್ಬರ ದೇಹಸ್ಥಿತಿಯು ಅವರೊಡನೆ ಇರುವವರಿಗೆ ಸೋಂಕು ತಗಲುವ ಕಾಲಾವಧಿಯನ್ನೂ ನಿರ್ಧರಿಸುತ್ತದೆ.

ಅಂಟುವ ಅಪಾಯವೇ ಹೆಚ್ಚಾಗುವ ಸಂದರ್ಭಗಳು

ಮೇಲಿನ ವಿವರಣೆಯಿಂದ ದೀರ್ಘ ವ್ಯಾಧಿಗಳು ಸೋಂಕು ತಗಲುವ ಸಂಭವವನ್ನು ಎಂದೂ ಹೆಚ್ಚಿಸುವುದಿಲ್ಲವೆಂದು ಭಾವಿಸಬಾರದು. ಕೆಲವು ಸಂದರ್ಭಗಳಲ್ಲಿ ನಿಶ್ಚಯವಾಗಿ ಹೆಚ್ಚಿಸುತ್ತವೆ.

ಒಂದನೆಯದು, ಚಿಕಿತ್ಸೆಯ ಸ್ಥಳದಿಂದ ಬರುವ ಅಪಾಯ. ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತವು ವಾರಕ್ಕೆ ಎರಡು-ಮೂರು ಬಾರಿ ಯಂತ್ರದ ಮೂಲಕ ಹಾದುಬರುತ್ತದೆ. ೧೯೬೯-೭೦ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಇಂಥ ಘಟಕದಲ್ಲಿ ಹೆಪಟೈಟಿಸ್-ಬಿ ಎಂಬ ಯಕೃತ್ತಿನ ಸೋಂಕು ಹರಡಿ ರೋಗಿಗಳೂ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಇಂಥ ಅನುಭವಗಳ ತರುವಾಯ ರಕ್ತಪರೀಕ್ಷೆ, ಸೋಂಕಿತರಿಗೆ ಪ್ರತ್ಯೇಕ ಯಂತ್ರ, ಕೈಗವಸುಗಳ ಬಳಕೆ ಮೊದಲಾದ ನಿಯಮಗಳು ಜಾರಿಗೆ ಬಂದವು. ಮುಂದೆ ಲಸಿಕೆಯೂ ಬಂದಿತು. ಮೂತ್ರಪಿಂಡ ಕೆಟ್ಟವರಲ್ಲಿ ಪ್ರತಿಕಾಯಗಳ ಉತ್ಪತ್ತಿ ಮಂದವಾಗಿರುವುದರಿಂದ ಅವರಿಗೆ ಈ ಲಸಿಕೆಯನ್ನು ಸಾಮಾನ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ.

ಎರಡನೆಯದು, ಔಷಧದಿಂದಲೋ ವ್ಯಾಧಿಯಿಂದಲೋ ಪ್ರತಿರೋಧವೇ ಕುಗ್ಗುವ ಸ್ಥಿತಿ. ಅರ್ಬುದಕ್ಕೆ ಚಿಕಿತ್ಸೆ ಪಡೆಯುವವರು, ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಂಡವರು, ಸಂಧಿವಾತ ಮೊದಲಾದವುಗಳಿಗಾಗಿ ಬಹುಕಾಲ ಸ್ಟಿರಾಯ್ಡ್ ಸೇವಿಸುವವರು, ಎಚ್‌ಐವಿ ಸೋಂಕಿಗೆ ಚಿಕಿತ್ಸೆ ದೊರೆಯದವರು ಈ ವರ್ಗಕ್ಕೆ ಸೇರುತ್ತಾರೆ. ಇತರರು ಗಮನಿಸದೆಯೇ ಗೆಲ್ಲುವ ವೈರಸ್ಸುಗಳು ಇವರಲ್ಲಿ ವ್ಯಾಧಿಯಾಗಿ ಬೆಳೆಯುತ್ತವೆ.

ಮೂರನೆಯದು, ಒಳಗೆ ಮಲಗಿದ್ದ ವೈರಸ್ ಎಚ್ಚರಗೊಳ್ಳುವುದು. ಸರ್ಪಸುತ್ತು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ಉಂಟುಮಾಡಿದ ವೈರಸ್ಸು ಸಂಪೂರ್ಣವಾಗಿ ನಾಶವಾಗದೆ ನರಗಳ ಬುಡದಲ್ಲಿ ದಶಕಗಳ ಕಾಲ ಅಡಗಿರುತ್ತದೆ. ವಯಸ್ಸಾದಂತೆ, ಅಥವಾ ಮಧುಮೇಹದಂಥ ವ್ಯಾಧಿಯಿಂದ ಪ್ರತಿರೋಧ ಕುಂದಿದಂತೆ, ಅದೇ ವೈರಸ್ಸು ನರದ ದಾರಿಯಲ್ಲಿ ಹೊರಬಂದು ಮೈಯ ಒಂದು ಪಕ್ಕದಲ್ಲಿ ಬೊಕ್ಕೆಗಳ ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ಇದು ಹೊರಗಿನಿಂದ ಹೊಸದಾಗಿ ಬಂದ ಸೋಂಕಲ್ಲ. ಸರ್ಪದೋಷವಂತೂ ಅಲ್ಲವೇ ಅಲ್ಲ. ಬೊಕ್ಕೆಗಳು ಕಂಡ ಮೂರು ದಿನಗಳೊಳಗೆ ವೈದ್ಯರ ಬಳಿಗೆ ಹೋದರೆ ಔಷಧವು ಹೆಚ್ಚು ಫಲ ಕೊಡುತ್ತದೆ. ಇದನ್ನು ತಡೆಯುವ ಲಸಿಕೆಯೂ ಈಗ ಲಭ್ಯವಿದೆ.

ಅನುಭವ ಕಲಿಸಿದ ಪಾಠ

೧೯೫೭ರಲ್ಲಿ ಹೊಸ ಬಗೆಯ ಇನ್‌ಫ್ಲುಯೆಂಜಾ ಏಷ್ಯಾ ಖಂಡದಿಂದ ಜಗತ್ತಿನೆಲ್ಲೆಡೆ ಹರಡಿತು. ಅದೇ ವರ್ಷ ಭಾರತಕ್ಕೂ ಬಂದಿತು. ಅದು ಅಂಟಿದುದು ಹೆಚ್ಚಾಗಿ ಶಾಲೆಯ ಮಕ್ಕಳಿಗೆ. ಆದರೆ ಮರಣದ ಲೆಕ್ಕವನ್ನು ಪರಿಶೀಲಿಸಿದ ಅಮೆರಿಕದ ಆರೋಗ್ಯಾಧಿಕಾರಿಗಳಿಗೆ ಬೇರೊಂದು ಚಿತ್ರ ಕಂಡಿತು: ಸತ್ತವರಲ್ಲಿ ಹೃದ್ರೋಗ, ಶ್ವಾಸಕೋಶದ ವ್ಯಾಧಿ, ಮಧುಮೇಹ ಮೊದಲಾದವುಗಳಿಂದ ಬಳಲುತ್ತಿದ್ದವರೂ ವೃದ್ಧರೂ ಗರ್ಭಿಣಿಯರೂ ಅಧಿಕವಾಗಿದ್ದರು. ಇದರ ಫಲವಾಗಿ ೧೯೬೦ರಲ್ಲಿ ಆ ದೇಶವು ಇಂಥವರಿಗೆ ಪ್ರತಿವರ್ಷವೂ ಫ್ಲೂ ಲಸಿಕೆ ಹಾಕಬೇಕೆಂದು ಶಿಫಾರಸು ಮಾಡಿತು. ಅರುವತ್ತು ವರ್ಷಗಳ ತರುವಾಯ ಬಂದ ಕೊರೊನಾ ಕಾಲದಲ್ಲಿ ಪ್ರಪಂಚವು ಅದೇ ಪಾಠವನ್ನು ಅಪಾರ ಬೆಲೆ ತೆತ್ತು ಮತ್ತೊಮ್ಮೆ ಓದಿತು.

ಲಸಿಕೆಯ ಪ್ರಯೋಜನವು ಜ್ವರವನ್ನು ತಡೆಯುವುದಷ್ಟೇ ಅಲ್ಲ. ಬಾಂಗ್ಲಾದೇಶವೂ ಸೇರಿದಂತೆ ಎಂಟು ದೇಶಗಳಲ್ಲಿ ಹೃದಯಾಘಾತಕ್ಕೀಡಾದವರಿಗೆ, ಬಹುಪಾಲು ಆಸ್ಪತ್ರೆಯಲ್ಲಿರುವಾಗಲೇ, ಫ್ಲೂ ಲಸಿಕೆ ಹಾಕಿ ನೋಡಲಾಯಿತು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದೊಳಗೆ ಸಾವು, ಮರು ಹೃದಯಾಘಾತ ಮೊದಲಾದ ವಿಪತ್ತುಗಳಿಗೆ ಗುರಿಯಾದವರು ಲಸಿಕೆ ಪಡೆದವರಲ್ಲಿ ಶೇಕಡಾ ೫.೩, ಪಡೆಯದವರಲ್ಲಿ ಶೇಕಡಾ ೭.೨.

ಕರ್ನಾಟಕದಲ್ಲಿ ಫ್ಲೂ ಮುಖ್ಯವಾಗಿ ಮಳೆಗಾಲದಲ್ಲಿ ಹೆಚ್ಚುತ್ತದೆ. ಚಳಿಗಾಲದ ಕೊನೆಯಲ್ಲಿಯೂ ಒಮ್ಮೊಮ್ಮೆ ತಲೆಯೆತ್ತುತ್ತದೆ. ಆದುದರಿಂದ ಇಲ್ಲಿನವರು ಮಳೆ ಆರಂಭವಾಗುವ ಮುನ್ನ, ಏಪ್ರಿಲ್-ಮೇ ತಿಂಗಳುಗಳಲ್ಲಿ ಲಸಿಕೆ ಪಡೆಯುವುದು ಯುಕ್ತ. ವೈರಸ್ಸು ತನ್ನ ರೂಪವನ್ನು ಬದಲಿಸುತ್ತಿರುವುದರಿಂದ ಇದನ್ನು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು.

ಬೇನೆಯುಳ್ಳವರು ಅರಿತಿರಬೇಕಾದ ಅಂಶಗಳು

ಮೊದಲನೆಯದಾಗಿ, ನಿತ್ಯದ ಚಿಕಿತ್ಸೆಯನ್ನು ನಿಲ್ಲಿಸಬಾರದು. ಜ್ವರ ಬಂದು ಊಟ ಸೇರದಿದ್ದಾಗ, ಊಟವಿಲ್ಲದ ಮೇಲೆ ಇನ್ಸುಲಿನ್ ಏಕೆಂದು ಚುಚ್ಚುಮದ್ದನ್ನು ಬಿಡುವವರುಂಟು. ಇದು ಅಪಾಯಕರ. ಜ್ವರದಲ್ಲಿ ಸಕ್ಕರೆಯು ಊಟವಿಲ್ಲದೆಯೂ ಏರಬಹುದು. ಆಗ ಸಕ್ಕರೆಯನ್ನು ದಿನಕ್ಕೆ ಹಲವು ಬಾರಿ ಪರೀಕ್ಷಿಸಿಕೊಂಡು, ನೀರು-ಗಂಜಿಗಳನ್ನು ಸಾಕಷ್ಟು ಕುಡಿಯುತ್ತ, ಪ್ರಮಾಣದ ಬದಲಾವಣೆಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಕೆಲವು ಮಾತ್ರೆಗಳನ್ನು ವಾಂತಿ-ಭೇದಿಗಳಿರುವಾಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುವುದೂ ಉಂಟು. ಆ ನಿರ್ಣಯವೂ ವೈದ್ಯರದೇ. ಉಬ್ಬಸವುಳ್ಳವರು ಉಸಿರಿನ ಮೂಲಕ ಸೇವಿಸುವ ಔಷಧವನ್ನು ಮೈ ಹಗುರವಾಗಿದ್ದಾಗಲೂ ಕ್ರಮವಾಗಿ ಬಳಸುತ್ತಿರಬೇಕು.

ಎರಡನೆಯದಾಗಿ, ಕಾದು ನೋಡಬಾರದು. ಇತರರು ಮೂರು ದಿನ ಮನೆಮದ್ದು ಮಾಡಿಕೊಂಡು ನೋಡಿದರೆ ಹಾನಿಯಿಲ್ಲದಿರಬಹುದು. ಆದರೆ ಇನ್‌ಫ್ಲುಯೆಂಜಾಕ್ಕೆ ಇರುವ ಔಷಧವು ಮೊದಲ ಎರಡು ದಿನಗಳಲ್ಲಿ ಕೊಟ್ಟಾಗಲೇ ಹೆಚ್ಚು ಗುಣಕಾರಿ. ಆದುದರಿಂದ ದೀರ್ಘ ವ್ಯಾಧಿಯುಳ್ಳವರು ಜ್ವರ ಬಂದ ಮೊದಲ ದಿನವೇ ವೈದ್ಯರನ್ನು ಕಂಡು, ತಮಗಿರುವ ವ್ಯಾಧಿಯನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಮರೆಯದೆ ತಿಳಿಸಬೇಕು.

ಮೂರನೆಯದಾಗಿ, ಅಂಗಡಿಯಿಂದ ತಾವಾಗಿ ಮಾತ್ರೆ ತಂದು ನುಂಗಬಾರದು. ಕೆಲವು ನೋವುನಿವಾರಕಗಳು ದುರ್ಬಲ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತವೆ. ಡೆಂಗೆಯಲ್ಲಿ ರಕ್ತಸ್ರಾವಕ್ಕೆ ಕಾರಣವಾಗುತ್ತವೆ. ಹೃದ್ರೋಗಕ್ಕಾಗಿ ರಕ್ತವನ್ನು ತೆಳುಗೊಳಿಸುವ ಮಾತ್ರೆ ಸೇವಿಸುವವರಿಗೆ ಡೆಂಗೆ ಬಂದರೆ, ಆ ಮಾತ್ರೆಯನ್ನು ಮುಂದುವರಿಸಬೇಕೇ ಬಿಡಬೇಕೇ ಎಂಬುದು ಸೂಕ್ಷ್ಮವಾದ ಪ್ರಶ್ನೆ. ಅದನ್ನು ರೋಗಿಯು ತಾನೇ ಬಗೆಹರಿಸಿಕೊಳ್ಳುವಂತಿಲ್ಲ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗಳು ವೈರಸ್ಸನ್ನು ಏನೂ ಮಾಡಲಾರವೆಂಬುದನ್ನೂ ನೆನಪಿಡಬೇಕು.

ಶಾಲೆಯ ಹೊಣೆ

ವೈರಸ್ಸಿನ ಪ್ರವೇಶವು ಎಲ್ಲರಿಗೂ ಸಮಾನವಾದುದರಿಂದ, ತಾಳಲಾರದವರನ್ನು ರಕ್ಷಿಸುವ ಹೊಣೆಯೂ ಎಲ್ಲರದಾಗುತ್ತದೆ. ಈ ಮಾತು ಶಾಲೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಜಪಾನಿನಲ್ಲಿ ೧೯೬೨ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುವ ಕ್ರಮವಿತ್ತು. ೧೯೮೭ರಲ್ಲಿ ಅದು ಪೋಷಕರ ಇಚ್ಛೆಗೆ ಬಿಡಲ್ಪಟ್ಟಿತು, ೧೯೯೪ರಲ್ಲಿ ನಿಂತುಹೋಯಿತು. ಆ ಬಳಿಕ ಚಳಿಗಾಲದ ಮರಣಗಳು ಹೆಚ್ಚಿದುದನ್ನು ಪರಿಶೀಲಿಸಿದ ೨೦೦೧ರ ಅಧ್ಯಯನವೊಂದು, ಮಕ್ಕಳಿಗೆ ಹಾಕಿದ ಲಸಿಕೆಯು ಪ್ರತಿವರ್ಷ ೩೭,೦೦೦ದಿಂದ ೪೯,೦೦೦ ಮರಣಗಳನ್ನು, ಅವುಗಳಲ್ಲಿ ಬಹುಪಾಲು ವೃದ್ಧರವನ್ನು, ತಪ್ಪಿಸುತ್ತಿತ್ತೆಂದು ಅಂದಾಜು ಮಾಡಿತು. ಅಂದಾಜಿನ ನಿಖರತೆಯ ಬಗೆಗೆ ಚರ್ಚೆಗೆ ಅವಕಾಶವಿರಬಹುದು. ಆದರೆ ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದೇ ದಿಕ್ಕನ್ನು ತೋರಿಸುತ್ತದೆ. ಕೆನಡಾದಲ್ಲಿ ಹುಟರೈಟರೆಂಬ ಧಾರ್ಮಿಕ ಪಂಗಡದವರು ಪಂಕ್ತಿಭೋಜನ, ಸಾಮೂಹಿಕ ದುಡಿಮೆಗಳ ಸಣ್ಣ ವಸತಿಗಳಲ್ಲಿ ಬಾಳುತ್ತಾರೆ. ಅಲ್ಲಿನ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದಾಗ, ಲಸಿಕೆ ಪಡೆಯದ ಉಳಿದವರಲ್ಲಿಯೂ ಸೋಂಕು ಶೇಕಡಾ ೬೧ರಷ್ಟು ಕಡಿಮೆಯಾಯಿತು. ನೂರಾರು ಮಕ್ಕಳು ಒಟ್ಟಿಗೆ ಉಂಡು ಒಟ್ಟಿಗೆ ಮಲಗುವ ಪ್ರಸಾದನಿಲಯಗಳುಳ್ಳ ಸಂಸ್ಥೆಗಳಿಗೆ ಈ ನಿದರ್ಶನವು ಬಹು ಹತ್ತಿರದ್ದು.

ಲಸಿಕೆಯ ಏರ್ಪಾಡು ಒಂದೇ ದಿನದಲ್ಲಿ ಆಗುವಂಥದಲ್ಲ. ಆದರೆ ಶಾಲೆಗಳು ಇಂದೇ ಕೈಗೊಳ್ಳಬಹುದಾದ ಕಾರ್ಯಗಳು ಅನೇಕವಿವೆ. ತರಗತಿಯ ಕಿಟಕಿಗಳನ್ನು ತೆರೆದಿಡುವುದು, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯಲು ಸಾಕಷ್ಟು ನಲ್ಲಿಗಳನ್ನು ಒದಗಿಸುವುದು, ನೀರಿನ ತೊಟ್ಟಿಗಳನ್ನು ಮುಚ್ಚಿಸಿ ವಾರಕ್ಕೊಮ್ಮೆ ತಿಕ್ಕಿ ತೊಳೆಸುವುದು, ವಿದ್ಯಾರ್ಥಿ ನಿಲಯದಲ್ಲಿ ಜ್ವರ ಬಂದವರಿಗೆ ಪ್ರತ್ಯೇಕ ಕೊಠಡಿಯಿರಿಸುವುದು, ಇವೆಲ್ಲ ಅಲ್ಪ ವೆಚ್ಚದಲ್ಲಿ ಸಾಧ್ಯವಾದವು.

ಇನ್ನೊಂದು ಪದ್ಧತಿಯನ್ನು ಪುನರ್ವಿಮರ್ಶಿಸುವ ಅಗತ್ಯವೂ ಇದೆ. ಅನೇಕ ಶಾಲೆಗಳಲ್ಲಿ ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ಪೂರ್ಣ ಹಾಜರಾತಿಯ ಬಹುಮಾನ ಕೊಡುವ ರೂಢಿಯಿದೆ. ಈ ಬಹುಮಾನಕ್ಕಾಗಿ ದಾನಿಗಳು ದತ್ತಿಯನ್ನು ಸ್ಥಾಪಿಸಿರುವುದೂ ಉಂಟು. ಅದರ ಉದ್ದೇಶ ಶ್ಲಾಘ್ಯವಾದುದೇ. ಆದರೆ ಜ್ವರದಿಂದ ಸುಡುತ್ತಿದ್ದರೂ ಬಹುಮಾನ ತಪ್ಪೀತೆಂದು ಶಾಲೆಗೆ ಬಂದು ಕೂಡುವ ಬಾಲಕನು, ಪಕ್ಕದಲ್ಲಿ ಕುಳಿತವನ ಮೂಲಕ ಆತನ ಮನೆಯ ಅಜ್ಜಿಗೆ ಏನನ್ನು ಕಳುಹಿಸುತ್ತಿದ್ದಾನೆಂಬುದು ಅವನಿಗೆ ತಿಳಿಯದು. ಅನಾರೋಗ್ಯದ ರಜೆಯನ್ನು ಗೈರುಹಾಜರಿಯೆಂದು ಎಣಿಸದ ಒಂದು ನಿಯಮವನ್ನು ಸೇರಿಸಿದರೆ ಬಹುಮಾನದ ಗೌರವವೂ ಉಳಿಯುತ್ತದೆ, ಅಜ್ಜಿಯ ಪ್ರಾಣವೂ ಉಳಿದೀತು. ಅಂತೆಯೇ, ಶಿಕ್ಷಕರಿಗೂ ಅಡುಗೆಯವರಿಗೂ ವರ್ಷಕ್ಕೊಮ್ಮೆ ರಕ್ತದ ಸಕ್ಕರೆ, ರಕ್ತದೊತ್ತಡಗಳ ತಪಾಸಣೆಯನ್ನೂ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆಯನ್ನೂ ಒದಗಿಸುವ ಒಂದು ದತ್ತಿಯು ಕಟ್ಟಡದ ದತ್ತಿಗಿಂತ ಕಡಿಮೆಯ ಪುಣ್ಯಕಾರ್ಯವೆನ್ನಿಸದು. ತನಗೆ ಸಕ್ಕರೆ ರೋಗವಿದೆಯೆಂಬುದನ್ನೇ ಅರಿಯದೆ ಪ್ರತಿದಿನ ನೂರಾರು ಮಕ್ಕಳ ನಡುವೆ ನಿಂತು ಪಾಠ ಹೇಳುವ ಶಿಕ್ಷಕರು ಇಲ್ಲದ ಶಾಲೆ ಅಪರೂಪ.

ಮೊದಲು ಹೇಳಿದ ಮನೆಗೆ ಮರಳುವುದಾದರೆ, ಆ ಅಜ್ಜನನ್ನು ರಕ್ಷಿಸುವ ದಾರಿಗಳು ಮೂರೂ ತೆರೆದೇ ಇದ್ದವು. ಸಕ್ಕರೆಯನ್ನು ವರ್ಷವಿಡೀ ಹತೋಟಿಯಲ್ಲಿಟ್ಟುಕೊಳ್ಳುವುದು ಅಜ್ಜನ ಕೈಯಲ್ಲಿತ್ತು. ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿಸುವುದೂ, ಜ್ವರದ ಮೊದಲ ದಿನವೇ ವೈದ್ಯರಲ್ಲಿಗೆ ಕರೆದೊಯ್ಯುವುದೂ ಮಗ-ಸೊಸೆಯರ ಕೈಯಲ್ಲಿತ್ತು. ಕೆಮ್ಮುವ ಮಗುವನ್ನು ಎರಡು ದಿನ ಮನೆಯಲ್ಲಿಯೇ ಇರಗೊಡುವುದು ಮೊಮ್ಮಗನ ತರಗತಿಯ ಇತರ ಪೋಷಕರ ಮತ್ತು ಶಿಕ್ಷಕರ ಕೈಯಲ್ಲಿತ್ತು. ಸಕ್ಕರೆ ಇದ್ದವರಿಗೆ ರೋಗ ಬೇಗ ಅಂಟುತ್ತದೆಂಬ ಮಾತು ಇವರೆಲ್ಲರನ್ನೂ ಹೊಣೆಯಿಂದ ಬಿಡುಗಡೆ ಮಾಡಿ, ಎಲ್ಲವನ್ನೂ ಅಜ್ಜನ ಹಣೆಬರಹಕ್ಕೆ ಒಪ್ಪಿಸಿಬಿಡುತ್ತದೆ. ಅವನಿಗೂ ಎಲ್ಲರಂತೆಯೇ ಅಂಟಿತು, ಆದರೆ ತಾಳುವ ಶಕ್ತಿ ಕಡಿಮೆಯಿತ್ತು ಎಂದು ತಿಳಿದ ಮನೆಯಲ್ಲಿ ಮುಂದಿನ ಮಳೆಗಾಲಕ್ಕೆ ಮಾಡಬೇಕಾದ ಕೆಲಸಗಳು ತಾವಾಗಿಯೇ ನೆನಪಿಗೆ ಬರುತ್ತವೆ.